ತಟ್ಟೆಯ ನಡುವಿನ ಬೆಟ್ಟ

ಪರದೇಶದಲ್ಲಿ, ಪಂಗಾನಿ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಆ ವಾರವೆಲ್ಲ ನೆಲದ ಮೇಲೆ ಕೂತು ಉಂಡೆವು. ಊಟದ ಮೇಜಿನ ಮೇಲೆ ಲಕ್ಷದ್ವೀಪದ ಕವರತ್ತಿ ಇತ್ತು. ಹವಳದ ದ್ವೀಪವೊಂದರ ಮಾದರಿ ಮಾಡಿ, ಅದರ ನೆಲ ಎಂಥದ್ದು, ಅಲ್ಲಿನ ಆಡಳಿತ ಹೇಗೆ ನಡೆಯುತ್ತದೆ ಎಂದು ವಿವರಿಸಲು ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಚೆನ್ನಾಗಿ ಮಾಡಿದ ಇಬ್ಬರನ್ನು ನಗರದ ದೊಡ್ಡ ಪ್ರದರ್ಶನಕ್ಕೆ ಕಳಿಸುತ್ತಾರಂತೆ. ಅವಳಿಗೆ ಹೋಗಲೇಬೇಕಿತ್ತು. ಜಡೆ ಹಾಕಿಸಿಕೊಳ್ಳುವಾಗಲೂ ಕನ್ನಡಿಗೆ ಅದೇ ಪಾಠ ಒಪ್ಪಿಸುತ್ತಿದ್ದಳು.

ನಾನು ಕೊಟ್ಟದ್ದು ನನ್ನ ಅಗಲದ ಸ್ಟೀಲ್ ತಟ್ಟೆ, ಉಪ್ಪು ಹಾಕಿ ಗಟ್ಟಿಯಾಗಿ ಕಲಸಿದ ಗೋಧಿಹಿಟ್ಟು, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ರವೆ. ಮಿಕ್ಕಿದ್ದೆಲ್ಲ ಅವಳದೇ. ತಟ್ಟೆಯ ಒಂದು ಅಂಚಿಗೆ ಹಿಟ್ಟಿನ ಸಣ್ಣ ಪಟ್ಟಿ, ಅದೇ ಊರು. ಅದರ ಎರಡು ತುದಿಗಳನ್ನು ಸೇರಿಸುವಂತೆ ಬಳಸಿ ಬಂದ ಕಲ್ಲುಪ್ಪಿನ ಗೆರೆ, ಅದು ಹವಳದ ದಂಡೆ. ನಡುವೆಲ್ಲ ನೀಲಿ ರವೆ.

"ಇಷ್ಟೇನೇ? ರಾಜಧಾನಿ ಅಂತೀಯ, ಒಂದು ಗುಡ್ಡನಾದ್ರೂ ಬೇಡ್ವಾ?" ಅಂದೆ.

"ನೋ ಹಿಲ್ಸ್, ಅಮ್ಮ. ಇಟ್ಸ್ ಆಲ್ ಫ್ಲ್ಯಾಟ್. ಮಿಡ್ಲಲ್ಲಿ ಓನ್ಲಿ ವಾಟರ್. ಡೋಂಟ್ ಟಚ್, ಓಕೆ?"

ನಾನು ಮೈಸೂರಿನವಳು. ದಸರೆಗೆ ಬೊಂಬೆ ಕೂರಿಸುವಾಗ ತಟ್ಟೆಯಲ್ಲಿ ಊರು ಕಟ್ಟುತ್ತಾ ಬೆಳೆದವಳು. ನಟ್ಟನಡುವೆ ಬೆಟ್ಟ, ಅದರ ನೆತ್ತಿಗೆ ಗುಡಿ, ಸುತ್ತಲೂ ಮೊಳಕೆಯೊಡೆದ ರಾಗಿ. ಬೆಟ್ಟವಿಲ್ಲದಿದ್ದರೆ ಬೊಂಬೆ ನೋಡಲು ಬಂದವರು ಏನೋ ಮರೆತಿದ್ದೀರಿ ಎನ್ನುತ್ತಿದ್ದರು. ಹಾಗಾಗಿ ಮಗಳ ತಟ್ಟೆ ನನಗೆ ಉಂಡೆದ್ದ ತಟ್ಟೆಯ ಹಾಗೆ ಕಾಣುತ್ತಿತ್ತು.

ಶಾಲೆಯಲ್ಲಿ ಮಾದರಿ ತೋರಿಸುವ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ಉಳಿದ ಹಿಟ್ಟಿಗೆ ನೀರು ಚಿಮುಕಿಸಿ ನಾದಿ ಒಂದು ಬೆಟ್ಟ ಮಾಡಿದೆ. ದೆಹಲಿಯಿಂದ ನೇಮಕವಾದ ಆಡಳಿತಾಧಿಕಾರಿ ಅಲ್ಲಿರುತ್ತಾರೆಂದು ಅವಳ ಪಾಠದಲ್ಲೇ ಕೇಳಿದ್ದೆ. ಅಷ್ಟು ದೊಡ್ಡವರನ್ನು ಮೂಲೆಯಲ್ಲಿ ಕೂರಿಸುವುದೇ? ಬೆಟ್ಟವನ್ನು ನೀಲಿ ರವೆಯ ನಟ್ಟನಡುವೆ ಕೂರಿಸಿ, ಅದರ ಮೇಲೆ ಬೆಂಕಿಪೊಟ್ಟಣದ ಬಂಗಲೆ ಇಟ್ಟು, ಕಾಗದದ ಬಾವುಟ ಚುಚ್ಚಿ, ತಟ್ಟೆಗೆ ಬಿಳಿ ಬಟ್ಟೆ ಹೊದಿಸಿದೆ. ಅವಳಿಗೆ ಹೇಳಲಿಲ್ಲ. ನೋಡಿ ಖುಷಿಪಡಲಿ ಎಂದುಕೊಂಡಿದ್ದೆ. ಇಲ್ಲಿನ ಜನ ತುಂಬಿದ ಮಟಾಟು ವ್ಯಾನಿನ ಕುಲುಕಾಟಕ್ಕೆ ತಟ್ಟೆ ತಡೆಯದೆಂದು ಟ್ಯಾಕ್ಸಿ ಕರೆಸಿದ್ದೆವು. "ಪೋಲೆ ಪೋಲೆ" ಎಂದು ಡ್ರೈವರಿಗೆ ನಿಧಾನ ಹೇಳುತ್ತ, ತೊಡೆಯ ಮೇಲಿಟ್ಟುಕೊಂಡು ಜೋಪಾನವಾಗಿ ಒಯ್ದೆ.

ಟೀಚರ್ ಎದುರಿಗೆ ಬಂದಾಗಲೇ ಮಗಳು ಬಟ್ಟೆ ಸರಿಸಿದ್ದು. ಒಂದು ಕ್ಷಣ ತಡೆದಳು. ಆದರೂ ಮಾತು ಶುರುಮಾಡಿದಳು. ನನ್ನ ಪಕ್ಕದಲ್ಲಿ ನಿಂತಿದ್ದ ಬೆಂಗಳೂರಿನ ಬ್ಯಾಂಕ್ ಅಧಿಕಾರಿಯ ಹೆಂಡತಿ, "ಬೆಟ್ಟ ಎಷ್ಟು ಮುದ್ದಾಗಿದೆ ರೀ!" ಎಂದು ಪಿಸುಗುಟ್ಟಿದರು.

"ನಂದೇ ಕೈಕೆಲಸ," ಎಂದೆ, ಹೆಮ್ಮೆಯಿಂದ.

ಮಗಳು ಹಡಗಿನ ವಿಷಯಕ್ಕೆ ಬಂದಿದ್ದಳು. ದೊಡ್ಡ ಹಡಗು ದಂಡೆಯ ಹೊರಗೇ ನಿಲ್ಲುತ್ತದೆ. ಜನ, ಅಕ್ಕಿ, ಸರ್ಕಾರದ ಟಪಾಲು ಎಲ್ಲವೂ ಸಣ್ಣ ದೋಣಿಯಲ್ಲಿ ಒಳಗಿನ ನೀರು ದಾಟಿ ಊರು ಸೇರಬೇಕು. ಕಾಗದದ ದೋಣಿಯನ್ನು ಬೆರಳಿನಿಂದ ತಳ್ಳುತ್ತ ಹೇಳುತ್ತಿದ್ದಳು. ದೋಣಿ ಬಂದು ನನ್ನ ಬೆಟ್ಟಕ್ಕೆ ಮುಟ್ಟಿ ನಿಂತಿತು.

ಟೀಚರ್ ಬಗ್ಗಿ ನೋಡಿ, ಹವಳದ ದ್ವೀಪದ ನಡುವೆ ಈ ಬೆಟ್ಟ ಎಲ್ಲಿಂದ ಬಂತೆಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ಒಮ್ಮೆ ನನ್ನತ್ತ ನೋಡಿದಳು. ಬ್ಯಾಂಕಿನವರ ಹೆಂಡತಿಯೂ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

"ಮೈ ಮಿಸ್ಟೇಕ್, ಮ್ಯಾಮ್," ಎಂದು ಮಗಳು ಬೆಟ್ಟವನ್ನು ಎತ್ತಿ ನನ್ನ ಕೈಗಿಟ್ಟಳು. ಹಸಿ ಹಿಟ್ಟಿಗೆ ನೀಲಿ ರವೆಯೆಲ್ಲ ಅಂಟಿಕೊಂಡು ಬಂದು, ಸಮುದ್ರದ ನಡುವೆ ತಟ್ಟೆಯ ತಳ ಹೊಳೆಯತೊಡಗಿತು. ದ್ವೀಪದ ಪಂಚಾಯತಿಯ ಬಗ್ಗೆ ಅವಳು ಇನ್ನೂ ಹೇಳುವುದಿತ್ತು, ಹೇಳಿದಳು. ಕನ್ನಡಿಯ ಮುಂದಿನ ಆ ದನಿ ಮಾತ್ರ ಇರಲಿಲ್ಲ. ಬೇರೆ ಇಬ್ಬರು ಮಕ್ಕಳ ಹೆಸರು ಕರೆದರು.

ವಾಪಸು ಬರುವಾಗ ಟ್ಯಾಕ್ಸಿ ಜಾಮಿನಲ್ಲಿ ನಿಂತಿತ್ತು. ಇಂಡಸ್ಟ್ರಿಯಲ್ ಏರಿಯಾದ ಔಷಧ ಫ್ಯಾಕ್ಟರಿಯಿಂದ ನಮ್ಮವರ ಫೋನ್ ಬಂತು. ಮಗಳು ಸ್ಪೀಕರಿಗೆ ಹಾಕಿದಳು.

"ಏನಾಯ್ತು, ಪುಟ್ಟಿ?"

"ಸೆಲೆಕ್ಟ್ ಆಗ್ಲಿಲ್ಲ, ಅಪ್ಪ. ಒನ್ ಮಿಸ್ಟೇಕ್."

"ಅಯ್ಯೋ, ಅಮ್ಮನ್ನ ಕೇಳ್ಬಾರ್ದಿತ್ತಾ? ತಟ್ಟೇಲಿ ಊರು ಕಟ್ಟೋದ್ರಲ್ಲಿ ಅವಳನ್ನ ಬಿಟ್ರೆ ಇನ್ಯಾರೂ ಇಲ್ಲ."

ಮಗಳು ಕಿಟಕಿಯ ಹೊರಗೆ ನೋಡುತ್ತ, "ಓಕೆ ಅಪ್ಪ, ನೆಕ್ಸ್ಟ್ ಟೈಮ್," ಎಂದಳು.

ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಬೆಟ್ಟ ನನ್ನ ಅಂಗೈಗೆ ಮೆತ್ತಿಕೊಂಡಿತ್ತು.

"ರೀ, ಆ ಬೆಟ್ಟ ಇಟ್ಟಿದ್ದು ನಾನು," ಎಂದೆ.

"ಯಾವ ಬೆಟ್ಟನೇ? ಅದು ದ್ವೀಪ ಅಲ್ವಾ?" ಎಂದರು ಅವರು.

ಆ ದ್ವೀಪದಲ್ಲಿ ಬೆಟ್ಟವಿಲ್ಲವೆಂದು ಅವರಿಗೂ ಗೊತ್ತಿತ್ತು. ಮಗಳು ನನ್ನತ್ತ ತಿರುಗಿ ಒಂದು ಕರ್ಚೀಫ್ ಚಾಚಿದಳು. ಕೈ ಒರೆಸಿಕೊಂಡೆ, ಅವಳ ಮುಖ ನೋಡಲಾಗಲಿಲ್ಲ.