ಕ್ಯಾರೆನ್ ಮಾರಿದ ಸಾಬ್ ಕಾರುಗಳು

ಕಿನ್ನಿಗೋಳಿಯ ಕ್ಯಾರೆನ್ ಮೊಂತೇರೊ ಬಹರೈನಿಗೆ ಬಂದದ್ದು ಟೆಲಿಫೋನ್ ಎತ್ತುವ ಕೆಲಸಕ್ಕೆ. ತೊಂಬತ್ತರ ದಶಕದ ನಡುವಿನ ಮಾತು. ಮನಾಮಾದಲ್ಲಿ ಸ್ವೀಡನ್ ದೇಶದ ಸಾಬ್ ಕಾರು ಮಾರುವ ಒಂದು ಶೋರೂಮ್ ಇತ್ತು. ಊರಿಗೆ ಫೋನ್ ಮಾಡಿ ತಿಳಿಸಿದಾಗ ಅವಳ ತಾಯಿ, "ಯಾವ ಸಾಹೇಬರ ಕಾರು ಮಗಾ? ಪಾಪ, ಮಾರುವಂಥದ್ದು ಎಂತ ಬಂತು ಅವರಿಗೆ?" ಎಂದು ಕೇಳಿದ್ದರು.

ಆ ಕಾರು ಬೇರೆ ಯಾವ ಕಾರಿನ ಹಾಗೂ ಇರಲಿಲ್ಲ. ವಿಮಾನ ಮಾಡುತ್ತಿದ್ದ ಕಂಪನಿಯವರು ಯುದ್ಧ ಮುಗಿದ ಮೇಲೆ ಕಾರಿಗೂ ಕೈಹಾಕಿದ್ದರಿಂದ ಅದರಲ್ಲಿ ವಿಮಾನದ ಚಾಳಿ ಉಳಿದುಕೊಂಡಿತ್ತು. ಒಂದು ಬಟನ್ ಒತ್ತಿದರೆ ಸ್ಪೀಡ್ ತೋರಿಸುವ ಮುಳ್ಳೊಂದನ್ನು ಬಿಟ್ಟು ಎದುರಿನ ದೀಪಗಳೆಲ್ಲ ಆರುತ್ತಿದ್ದವು. ಕೀ ಹಾಕುವ ಜಾಗ ಸ್ಟೀರಿಂಗ್ ಹತ್ತಿರವಲ್ಲ, ಎರಡು ಸೀಟುಗಳ ನಡುವೆ. ಕೊಳ್ಳಲು ಬಂದವರು ಕೀ ಹಿಡಿದು ತಡಕಾಡುವುದನ್ನು ಕ್ಯಾರೆನ್ ತನ್ನ ಟೇಬಲ್ಲಿನಿಂದ ದಿನವೂ ನೋಡುತ್ತಿದ್ದಳು. ಸೇಲ್ಸ್‌ಮನ್ನುಗಳು ಅವಸರದಲ್ಲಿ ಕೈತೋರಿಸಿ ಹೇಳಿಬಿಡುತ್ತಿದ್ದರು. ಹಾಗೆ ಹೇಳಬಾರದು, ಅವರಿಗೇ ಸಿಗಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಸೇಲ್ಸ್‌ಮನ್ನುಗಳು ಊಟಕ್ಕೆ ಹೋಗಿದ್ದಾಗ ಕಣ್ಣಿನ ಡಾಕ್ಟರ್ ಹುದಾ ಬಂದರು. ಮುಹರ್ರಕ್‌ನವರು, ಕ್ಯಾರೆನ್‌ಗಿಂತ ಸ್ವಲ್ಪ ಹಿರಿಯರು. ಕಡು ಹಸಿರು ಬಣ್ಣದ ಗಾಡಿಯೊಳಗೆ ಕೂತು, "ಕೀ ಎಲ್ಲಿ ಹಾಕುವುದು?" ಎಂದರು. ಕ್ಯಾರೆನ್ ಉತ್ತರ ಕೊಡದೆ ಪಕ್ಕದ ಸೀಟಿನಲ್ಲಿ ಕೂತಳು. ಹುದಾ ಎಡಕ್ಕೆ ಹುಡುಕಿದರು, ಬಲಕ್ಕೆ ಹುಡುಕಿದರು, ಸಿಟ್ಟು ಬರುವ ಹೊತ್ತಿಗೆ ಕೈ ಕೆಳಗೆ ತಾಗಿ ಕೀ ತಾನೇ ಒಳಗೆ ಹೋಯಿತು. ಇಬ್ಬರೂ ನಕ್ಕರು. ಆ ಗಾಡಿಯನ್ನು ಹುದಾ ಅದೇ ವಾರ ಕೊಂಡರು. ದೃಷ್ಟಿಯಾಗದಿರಲೆಂದು ಕನ್ನಡಿಗೆ ನೀಲಿ ಮಣಿಯೊಂದನ್ನು ಅಲ್ಲಿಯೇ ಕಟ್ಟಿ ಹೊರಟರು. ಟೆಲಿಫೋನ್ ಟೇಬಲ್ಲಿಗೆ ಬೇರೆ ಹುಡುಗಿ ಬಂದಳು, ಕ್ಯಾರೆನ್ ಸೇಲ್ಸಿಗೆ ಹೋದಳು.

ಮುಂದಿನ ಕೆಲವು ವರ್ಷ ಅವಳ ಕಾಲ. ಡಾಕ್ಟರುಗಳು, ಕಾಲೇಜು ಮೇಷ್ಟ್ರುಗಳು, ಮನೆ ನಕ್ಷೆ ಬರೆಯುವವರು, ಎಲ್ಲರಲ್ಲಿರುವ ಕಾರು ತಮಗೆ ಬೇಡ ಎನ್ನುವವರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಹುದಾ ತಮ್ಮ ಗೆಳತಿಯರಿಗೆ "ನನ್ನ ಸಾಬ್, ನನ್ನ ಕ್ಯಾರೆನ್" ಎಂದು ಎರಡನ್ನೂ ಒಟ್ಟಿಗೆ ಪರಿಚಯಿಸುತ್ತಿದ್ದರು. ಶುಕ್ರವಾರ ಎಷ್ಟೋ ಸಲ ಅವರ ಮನೆಯಲ್ಲೇ ಊಟ. ಮದುವೆಯ ಮಾತು ಎರಡು ಸಲ ಬಂದಿತ್ತು, ಎರಡು ಸಲವೂ ಕ್ಯಾರೆನ್ ಬೇಡವೆಂದಳು. ಗುದೈಬಿಯಾದ ಒಂದು ರೂಮಿನ ಫ್ಲ್ಯಾಟು ಅವಳಿಗೆ ಸಾಕಾಗಿತ್ತು. ಅವಳ ಸ್ವಂತ ಗಾಡಿ ಮಾತ್ರ ಜಪಾನಿನ ಒಂದು ಸಣ್ಣ ಬಿಳಿ ಕಾರು. ಸಾಬ್ ಅವಳು ಮಾರುವಂಥದ್ದು, ಇಟ್ಟುಕೊಳ್ಳುವಂಥದ್ದಲ್ಲ. ಅದರ ಬಗ್ಗೆ ಅವಳು ಯೋಚಿಸಿದ್ದೂ ಇಲ್ಲ.

ಮಧುಶ್ರೀ ಬಂದದ್ದು ಆಮೇಲೆ. ದಾವಣಗೆರೆಯವಳು, ಬೆಂಗಳೂರಿನಲ್ಲಿ ಓದಿದವಳು. ಗಂಡ ಅಭಿನಂದನ್ ಇಲ್ಲಿ ಎಂಜಿನಿಯರ್. ಮನೆಯಲ್ಲಿ ಕೂತು ಬೇಜಾರಾಗಿ ಕೆಲಸ ಕೇಳಿದಳು. ಕಲಿಸುವ ಜವಾಬ್ದಾರಿ ಕ್ಯಾರೆನ್ ಮೇಲೆ ಬಿತ್ತು. ಕ್ಯಾರೆನ್ ಮನಸ್ಸಿಟ್ಟು ಕಲಿಸಿದಳು: ವಿಮಾನದ ಕತೆ, ಎಂಜಿನ್ನಿಗೆ ಬಲ ಕೊಡುವ ಟರ್ಬೊದ ಕತೆ, ಕೀ ಕೊಟ್ಟು ಸುಮ್ಮನಿರುವ ಉಪಾಯ. ಮಧುಶ್ರೀ ತಲೆಯಾಡಿಸಿ ಕೇಳಿದಳು. ಆಮೇಲೆ ತನ್ನದೇ ದಾರಿಯಲ್ಲಿ ಮಾರಿದಳು.

ಕ್ಯಾರೆನ್‌ಗೆ ಮೊದಲ ಸಲ ಹೊಟ್ಟೆ ಉರಿದದ್ದು ಒಂದು ಕುಟುಂಬದ ವಿಷಯಕ್ಕೆ. ಗಂಡ ಹೆಂಡತಿ ಇಬ್ಬರೂ ವಾರಗಟ್ಟಲೆ ಬಂದು ಕ್ಯಾರೆನ್ ಹೇಳಿದ್ದನ್ನೆಲ್ಲ ಕೇಳಿಕೊಂಡು, ನೋಡೋಣ ಎಂದು ಹೋಗುತ್ತಿದ್ದರು. ಕ್ಯಾರೆನ್ ರಜೆಯಲ್ಲಿದ್ದ ದಿನ ಮಧುಶ್ರೀ ಅವರೊಡನೆ ಬಂದಿದ್ದ ಮುದುಕಿ ತಾಯಿಯ ಕೈಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿ, "ಕಾಲು ಚಾಚೋಕೆ ಜಾಗ ಸಾಕಾ ಅಜ್ಜಿ?" ಎಂದು ಕೇಳಿದಳಂತೆ. ಸಾಕು ಎಂದಿತಂತೆ ಅಜ್ಜಿ. ಗಾಡಿ ಹೋಯಿತು.

"ನೀವು ಅಷ್ಟು ದಿನ ಹೇಳಿದ್ದಕ್ಕೇ ಮೇಡಂ ಅವ್ರು ತಗೊಂಡಿದ್ದು," ಎಂದಳು ಮಧುಶ್ರೀ ಮರುದಿನ.

"ಪರವಾಗಿಲ್ಲ ಮಧು. ಯಾರು ಮಾರಿದ್ರೆ ಎಂತ," ಎಂದಳು ಕ್ಯಾರೆನ್. ಆ ದಿನ ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ಆಮೇಲೆ ಅದು ಅಭ್ಯಾಸವಾಯಿತು. ಬಾಗಿಲು ತೆರೆದುಕೊಂಡು ಯಾರಾದರೂ "ಇನ್ನೊಬ್ಬ ಮೇಡಂ ಇಲ್ವಾ?" ಎಂದರೆ ಕ್ಯಾರೆನ್ ಎದೆಯಲ್ಲಿ ಏನೋ ಕಚ್ಚಿದ ಹಾಗಾಗುತ್ತಿತ್ತು. ಮಧುಶ್ರೀಯ ನಗು, ಇಸ್ತ್ರಿ ಮಾಡಿದ ಕುರ್ತಾ, ಟೇಬಲ್ ಮೇಲೆ ಮಗಳ ಫೋಟೋ, ಎಲ್ಲವೂ ಗಿರಾಕಿ ಹಿಡಿಯಲು ಇಟ್ಟ ಬಲೆಯೆಂದೇ ಕಾಣುತ್ತಿತ್ತು. ಕಲಿಸಿದವಳು ನಾನು ಎಂಬುದನ್ನು ಅವಳು ಯಾರ ಬಳಿಯೂ ಹೇಳುತ್ತಿರಲಿಲ್ಲ, ಒಂದು ಕ್ಷಣ ಮರೆಯುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಕಾರೇ ಬದಲಾಗತೊಡಗಿತ್ತು. ಸ್ವೀಡನ್ನಿನ ಕಾರ್ಖಾನೆ ಪೂರ್ತಿಯಾಗಿ ಅಮೆರಿಕದ ದೊಡ್ಡ ಕಂಪನಿಯೊಂದರ ಕೈಗೆ ಹೋಗಿತ್ತು. ಹೊಸ ಮಾದರಿಗಳು ಬಂದವು, ಚೆನ್ನಾಗಿಯೇ ಇದ್ದವು. ಆದರೆ ಹಳೆಯ ಗಿರಾಕಿಗಳು ಸುತ್ತು ಹಾಕಿ ನೋಡಿ, "ಕ್ಯಾರೆನ್, ಇದು ಎಲ್ಲ ಕಾರುಗಳ ಹಾಗೇ ಇದೆಯಲ್ಲ, ನಿನ್ನ ಆ ಹುಚ್ಚು ಕಾರು ಎಲ್ಲಿ?" ಎನ್ನುತ್ತಿದ್ದರು. ಹುಚ್ಚು ಬೇಕಾದವರು ಬರುವುದು ಬಿಟ್ಟರು. ಹುಚ್ಚು ಬೇಡದವರಿಗೆ ಜಪಾನಿನ ಕಾರುಗಳಿದ್ದವು. ಮಧುಶ್ರೀ ಗಾಳಿ ಎತ್ತ ಬೀಸುತ್ತಿದೆಯೆಂದು ನೋಡಿ ಸಿತ್ರಾದ ಜಪಾನಿ ಶೋರೂಮಿಗೆ ಹೊರಟಳು. ಹೋಗುವ ದಿನ ಕ್ಯಾರೆನ್‌ಗೆ ಒಂದು ಸೀರೆ ಕೊಟ್ಟಳು. ಕ್ಯಾರೆನ್ ಅದನ್ನು ಇವತ್ತಿನವರೆಗೂ ಉಟ್ಟಿಲ್ಲ.

ಎರಡು ಸಾವಿರದ ಹನ್ನೊಂದರ ಡಿಸೆಂಬರಿನಲ್ಲಿ ಸಾಬ್ ಕಂಪನಿ ದಿವಾಳಿಯಾಯಿತು. ಶೋರೂಮಿನಲ್ಲಿ ಉಳಿದಿದ್ದ ಕೊನೆಯ ಗಾಡಿಗಳು ಒಂದೊಂದಾಗಿ ಹೋದವು. ಆಮೇಲೆ ಗಾಜಿನ ಮೇಲಿನ ಹೆಸರನ್ನು ಕೆರೆದು ತೆಗೆದರು. ಆ ವಾರ ಮಧುಶ್ರೀಯ ಫೋನ್ ಬಂತು.

"ತುಂಬಾ ಬೇಜಾರಾಯ್ತು ಮೇಡಂ. ನಮ್ಮ ಕಡೆ ಬನ್ನಿ. ನಾನು ಮಾತಾಡ್ತೀನಿ ನಮ್ಮ ಬಾಸ್ ಹತ್ರ."

ಕೆಲಸ ಹೋದದ್ದಕ್ಕಿಂತ ಆ "ನಾನು ಮಾತಾಡ್ತೀನಿ" ಹೆಚ್ಚು ಉರಿಸಿತು. "ಬೇಡ ಮಾರಾಯ್ತಿ, ನನಗೆ ಬೇರೆ ಕಡೆ ಆಗಿದೆ," ಎಂದು ಸುಳ್ಳು ಹೇಳಿ, ಆ ಸುಳ್ಳನ್ನು ನಿಜ ಮಾಡಲು ಓಡಾಡಿ, ಸೆಗಯಾದ ಒಂದು ಇನ್ಶೂರೆನ್ಸ್ ಆಫೀಸಿಗೆ ಸೇರಿದಳು. ಗುದ್ದಿಸಿಕೊಂಡ ಕಾರುಗಳ ಫೋಟೋ ನೋಡುವ ಕೆಲಸ. ಮಧುಶ್ರೀ ವರ್ಷ ವರ್ಷ ಮೇಲೇರಿದಳು. ಕನ್ನಡದವರ ಕಾರ್ಯಕ್ರಮಗಳಲ್ಲಿ ಅವಳನ್ನು ವೇದಿಕೆಗೆ ಕರೆಯುತ್ತಿದ್ದರು. ಕ್ಯಾರೆನ್ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು, ಯಾರಿಗೂ ತನ್ನ ಮುಖದ ಮೇಲೆ ಅನುಮಾನ ಬರಬಾರದೆಂದು.

ಒಂದು ಸಮಾಧಾನವಿತ್ತು. ಹುದಾ ಇನ್ನೂ ಆ ಹಸಿರು ಗಾಡಿಯನ್ನೇ ಓಡಿಸುತ್ತಿದ್ದರು. ಟುಬ್ಲಿಯಲ್ಲಿ ಉಳ್ಳಾಲದ ಮೊಯಿದಿನ್ ಎಂಬವರು ಒಂದು ಗ್ಯಾರೇಜ್ ಇಟ್ಟುಕೊಂಡು, ಬಹರೈನಿನಲ್ಲಿ ಉಳಿದ ಸಾಬ್‌ಗಳನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಬಿಡಿಭಾಗಕ್ಕೆಂದು ಯಾರಿಗೆ ಯಾವ ದೇಶಕ್ಕೆ ಫೋನ್ ಮಾಡಬೇಕಿದ್ದರೂ ಕ್ಯಾರೆನ್ ಮಾಡಿಕೊಡುತ್ತಿದ್ದಳು.

ಕಳೆದ ವರ್ಷ ಆಫೀಸಿನ ಕೆಲಸದ ಮೇಲೆ ಕ್ಯಾರೆನ್ ಸಿತ್ರಾಕ್ಕೆ ಹೋಗಿದ್ದಳು. ಮಧುಶ್ರೀಯ ಶೋರೂಮಿನ ಹಿಂದೆ ಹಳೆಯ ಗಾಡಿಗಳ ಅಂಗಳ. ಅಲ್ಲಿ ಸಾಲಿನ ಕೊನೆಗೆ ಕಡು ಹಸಿರು ಸಾಬ್ ನಿಂತಿತ್ತು. ಕನ್ನಡಿಗೆ ನೀಲಿ ಮಣಿ. ಕ್ಯಾರೆನ್ ಹತ್ತಿರ ಹೋಗಿ ನಂಬರ್ ಪ್ಲೇಟು ನೋಡಿದಳು. ಒಳಗಿನಿಂದ ಮಧುಶ್ರೀಯೇ ಬಂದಳು. ಈಗ ಅವಳು ಅಲ್ಲಿಯ ಮ್ಯಾನೇಜರ್.

"ಇದು ಹುದಾ ಡಾಕ್ಟ್ರ ಗಾಡಿ ಅಲ್ವಾ ಮಧು?"

"ಹೌದು ಮೇಡಂ. ಇದನ್ನ ಕೊಟ್ಟು ಹೊಸದು ತಗೊಂಡ್ರು. ನಿಮಗೆ ಹೇಳಿಲ್ವಾ?"

"ಹೇಳಿದ್ರು, ಹೇಳಿದ್ರು," ಎಂದಳು ಕ್ಯಾರೆನ್. "ಇನ್ನು ಇದು ಎಲ್ಲಿಗೆ, ಗುಜರಿಗಾ?"

"ಅಯ್ಯೋ, ಗುಜರಿಗೆ ಹಾಕೋದಾ? ನಾನೇ ಇಟ್ಕೊಂಡೆ. ನನ್ನ ಹೆಸರಿಗೆ ಮಾಡಿಸ್ಕೊಂಡೆ. ನೀವು ನನಗೆ ಕೆಲಸ ಕಲಿಸಿದ್ದು ಇಂಥ ಗಾಡಿ ಮೇಲೇ ಅಲ್ವಾ, ಯಾವಾಗ್ಲಿಂದನೋ ಒಂದು ಆಸೆ ಇತ್ತು."

ಗಿರಾಕಿಯನ್ನು ತೆಗೆದುಕೊಂಡಳು. ಸ್ನೇಹಿತೆಯನ್ನು ತೆಗೆದುಕೊಂಡಳು. ಈಗ ಕಾರನ್ನೂ. ಕ್ಯಾರೆನ್ ತನ್ನ ಸಣ್ಣ ಬಿಳಿ ಗಾಡಿ ಹತ್ತಿ ಹೊರಟಳು. ಬದುಕಿಡೀ ಬೇರೆಯವರ ಕೈಗೆ ಕೀ ಕೊಟ್ಟಾಗ ಆಗದ ನೋವು ಈಗ ಯಾಕೆ ಆಗುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಆ ಶುಕ್ರವಾರ ಹುದಾರ ಮನೆಗೆ ಹೋದಳು. ಡಾಕ್ಟರು ಈಗ ನಿವೃತ್ತರು. ಅರಬ್ಬರ ಕಾಫಿ ಗಹ್ವಾದ ಲೋಟ ಮುಂದಿಟ್ಟು ಅವರು ಕೂರುವ ಮೊದಲೇ ಕ್ಯಾರೆನ್ ಕೇಳಿದಳು, "ನನಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ನಿನಗೆ ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ, ಹಬೀಬ್ತಿ," ಎಂದರು ಹುದಾ. "ಹೋದ ವರ್ಷ ಮಾರುತ್ತೇನೆ ಎಂದು ಹೇಳಿದೆ, ಬಿಟ್ಟೆಯಾ? ನನ್ನ ಮಂಡಿ ನೋಡು. ಆ ತಗ್ಗಿನ ಸೀಟಿನಿಂದ ಏಳಲು ಆಗುವುದಿಲ್ಲ. ಮಧುಶ್ರೀ ಮೊದಲು ಕಾರಿನ ಮಾತೇ ಆಡಲಿಲ್ಲ. ಯಾವ ಕಾಲು ಹೆಚ್ಚು ನೋಯುತ್ತದೆ ಅಂತ ಕೇಳಿದಳು."

"ಅವಳಿಗೆ ಬೇಕಾಗಿದ್ದದ್ದು ನಿಮ್ಮ ಗಾಡಿ. ಅದಕ್ಕೇ ಅಷ್ಟೆಲ್ಲ ಪ್ರೀತಿ."

ಹುದಾ ಅವಳನ್ನೇ ನೋಡಿದರು. "ನಿನಗೂ ಬೇಕಾಗಿತ್ತೇ? ಯಾಕೆ ಒಂದು ಸಲವೂ ಕೇಳಲಿಲ್ಲ? ಕೇಳಿದ್ದರೆ ಸುಮ್ಮನೆ ಕೊಟ್ಟುಬಿಡುತ್ತಿದ್ದೆನಲ್ಲ."

ಕ್ಯಾರೆನ್ ಗಹ್ವಾ ಮುಟ್ಟದೆ ಎದ್ದಳು. ಮನೆಗೆ ಮರಳುವಾಗ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ ಕೂತಿತ್ತು. ಮಧುಶ್ರೀ ತನಗೆ ಬೇಕು ಎಂದಳು, ಅವಳಿಗೆ ಸಿಕ್ಕಿತು. ಅಷ್ಟೇ ನಡೆದದ್ದು. ಅದು ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು, ಇನ್ನಷ್ಟು ಹೆಚ್ಚಾಯಿತು.

ಮರುದಿನ ಅವಳು ನೆಟ್ಟಗೆ ಟುಬ್ಲಿಗೆ ಹೋದಳು. ಮೊಯಿದಿನ್ ಒಂದು ಗಾಡಿಯ ಕೆಳಗಿನಿಂದ ಎದ್ದು ಬಂದರು.

"ಮೊಯಿದಿನಾಕ, ಆ ಹಸಿರು ಗಾಡಿ ಇನ್ನು ಮಧುಶ್ರೀದು. ಅವಳು ತಂದ್ರೆ ನೀವು ಮುಟ್ಟಬೇಡಿ. ಪಾರ್ಟ್ ಇಲ್ಲ ಅಂತ ಹೇಳಿ."

ಮೊಯಿದಿನ್ ಕೈ ಒರೆಸುತ್ತ ನಿಂತರು. "ಅವರು ಮೊನ್ನೆಯೇ ತಂದಿದ್ರು ಬಾಯಮ್ಮ. ಏಸಿ ಸರಿ ಮಾಡಿ ಕೊಟ್ಟಾಯ್ತು. ಗಾಡಿಗೆ ಎಂತ ಗೊತ್ತು ನಿಮ್ಮ ಜಗಳ?"

"ಜಗಳ ಎಂತದ್ದೂ ಇಲ್ಲ."

"ಆಯ್ತು, ಇಲ್ಲ. ನೀವು ಸ್ವಲ್ಪ ಇಲ್ಲಿ ಬನ್ನಿ."

ಗ್ಯಾರೇಜಿನ ಹಿಂದೆ ತಗಡಿನ ಮಾಡಿನಡಿ ಧೂಳು ಹಿಡಿದ ಟಾರ್ಪಾಲು. ಮೊಯಿದಿನ್ ಅದನ್ನು ಎಳೆದರು. ಒಳಗೆ ಮರೂನ್ ಬಣ್ಣದ ಸಾಬ್, ಕ್ಯಾರೆನ್ ಬಹರೈನಿಗೆ ಬರುವ ಮೊದಲಿನದು. ಎದುರಿನ ಗಾಜು ವಿಮಾನದ ಹಾಗೆ ಬಾಗಿದ, ಮೂತಿ ಉದ್ದದ, ಬೆನ್ನು ಗೂನಾದ ಹಳೇ ಮಾದರಿ. ಇಂಥದ್ದನ್ನು ಅವಳು ರಸ್ತೆಯಲ್ಲಿ ನೋಡಿದ್ದಳೇ ಹೊರತು ಮಾರಿರಲಿಲ್ಲ. ಟಯರು ನೆಲಕ್ಕೆ ಕೂತಿದ್ದವು. ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು.

"ಇದರ ಯಜಮಾನರು ದೇಶ ಬಿಟ್ಟು ಹೋಗುವಾಗ ಪೇಪರ್ ಸಹಿತ ನನಗೆ ಕೊಟ್ಟದ್ದು. ಇಷ್ಟು ವರ್ಷ ಎಲ್ಲರಿಗೂ ಗಾಡಿ ಮಾಡಿಕೊಡಿ ಅಂತ ಬಂದಿರಿ. ನಿಮಗೆ ಒಂದು ಮಾಡಿಕೊಡಿ ಅಂತ ಯಾವಾಗ್ಲಾದ್ರೂ ಕೇಳಿದ್ದೀರಾ?"

ಎರಡು ದಿನದಲ್ಲಿ ಇಬ್ಬರು ಇದೇ ಪ್ರಶ್ನೆ ಕೇಳಿದ್ದರು. ಕ್ಯಾರೆನ್ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಅಂಗೈಗೆ ಧೂಳು ಮೆತ್ತಿತು.

"ಓಡ್ತದಾ ಇದು?"

"ಈಗ ಓಡುವುದಿಲ್ಲ. ಬಿಡಿಭಾಗ ನೀವು ಹುಡುಕಿದ್ರೆ ಓಡಿಸುವ ಜವಾಬ್ದಾರಿ ನನ್ನದು."

"ಸರಿ, ನನಗೆ ಇದು ಬೇಕು," ಎಂದಳು ಕ್ಯಾರೆನ್. ಹಾಗೆ ಬಾಯಿಬಿಟ್ಟು ತನಗೆ ಬೇಕು ಎಂದದ್ದು ಯಾವಾಗ ಎಂದು ಅವಳಿಗೆ ನೆನಪಿರಲಿಲ್ಲ.

ಬೇಸಿಗೆ ಪೂರ್ತಿ ಅದರಲ್ಲೇ ಹೋಯಿತು. ಸ್ವೀಡನ್ನಿನಿಂದ ಗಾಜಿನ ಸುತ್ತ ಕೂರಿಸುವ ಬೀಡಿಂಗ್ ರಬ್ಬರು, ಇಂಗ್ಲೆಂಡಿನಿಂದ ಹಳೇ ರೇಡಿಯೇಟರು ಬಂದವು. ಸೀಟಿಗೆ ಬಟ್ಟೆ ಹೊಲಿಸುವಾಗ ಕ್ಯಾರೆನ್ ಬಣ್ಣಕ್ಕಾಗಿ ದರ್ಜಿಯ ಪ್ರಾಣ ತಿಂದಳು. ವಾರದ ರಜೆಯನ್ನೆಲ್ಲ ಗ್ಯಾರೇಜಿನ ಫ್ಯಾನಿನ ಎದುರು ಕಳೆದಳು. ಯಾರಿಗೂ ಹೇಳಲಿಲ್ಲ, ಹುದಾರಿಗೂ ಹೇಳಲಿಲ್ಲ. ಕೆಲಸ ಮಾಡುತ್ತಿರುವುದು ಕಾರಿನ ಮೇಲಿನ ಪ್ರೀತಿಗೋ ಮಧುಶ್ರೀಯ ಮುಖ ಸಪ್ಪಗಾಗುವುದನ್ನು ನೋಡುವ ಆಸೆಗೋ ಎಂದು ತನ್ನನ್ನೇ ಕೇಳಿಕೊಂಡದ್ದುಂಟು. ಎರಡೂ ಹೌದು ಎಂದು ಒಪ್ಪಿಕೊಂಡು ಮುಂದುವರಿದಳು.

ಚಳಿಗಾಲ ಬಂದ ಮೇಲೆ ಯುರೋಪಿನ ಹಳೆಯ ಕಾರು ಇಟ್ಟುಕೊಂಡವರು ಶುಕ್ರವಾರ ಬೆಳಗ್ಗೆ ಮುಹರ್ರಕ್‌ನ ಸಮುದ್ರದ ಬದಿಯಲ್ಲಿ ಸೇರುತ್ತಾರೆ. ಅಂಥ ಒಂದು ಶುಕ್ರವಾರ ಕ್ಯಾರೆನ್ ತನ್ನ ಮರೂನ್ ಗಾಡಿಯಲ್ಲಿ ತಲುಪುವಾಗ ಹಸಿರು ಸಾಬ್ ಆಗಲೇ ಅಲ್ಲಿ ನಿಂತಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜನ ಅದರ ಸುತ್ತ ನಿಂತಿದ್ದರು. ನಡುವೆ ಮಧುಶ್ರೀ ಕೈಯಾಡಿಸುತ್ತ ವಿಮಾನದ ಕತೆ ಹೇಳುತ್ತಿದ್ದಳು. ಅದು ಕ್ಯಾರೆನ್ ಹೇಳಿಕೊಟ್ಟ ಕತೆ, ಅವಳದೇ ಮಾತುಗಳು. ತಿರುಗಿ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಯಾರೋ ಮರೂನ್ ಗಾಡಿಯನ್ನು ಕಂಡು ಕೂಗಿದರು. ಜನ ಒಬ್ಬೊಬ್ಬರಾಗಿ ಈಚೆ ಬಂದರು, ಬಾಗಿದ ಗಾಜನ್ನು ಮುಟ್ಟಿ ನೋಡಿದರು, ಫೋಟೋ ತೆಗೆದರು. ಹಸಿರು ಗಾಡಿಯ ಪಕ್ಕದಲ್ಲಿ ಮಧುಶ್ರೀ ಒಬ್ಬಳೇ ಉಳಿದಳು.

ಕೊನೆಗೆ ಅವಳೂ ಬಂದಳು. ಸುತ್ತು ಹಾಕಿದಳು. ಸೀಟಿನ ಬಟ್ಟೆ ನೋಡಿದಳು.

"ಯಾವಾಗ ತಗೊಂಡ್ರಿ ಮೇಡಂ? ಹೇಳ್ಲೇ ಇಲ್ಲ." ನಗುತ್ತಿದ್ದಳು. ಆದರೆ ಧ್ವನಿ ಸಣ್ಣಗಾಗಿತ್ತು. ಆ ಸಣ್ಣ ಧ್ವನಿ ಕ್ಯಾರೆನ್‌ಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ಅದು ತನ್ನದೇ ಗಂಟಲಿನಲ್ಲಿತ್ತು.

"ಹೀಗೇ, ಬೇಸಿಗೆಯಲ್ಲಿ."

"ಇಂಥದ್ದು ಈ ಊರಲ್ಲಿ ಇನ್ನೊಂದಿಲ್ಲ ಅಲ್ವಾ? ನಾನೂ ತುಂಬಾ ಹುಡುಕಿದ್ದೆ. ಒಂದು ರೌಂಡ್ ಓಡಿಸ್ಲಾ?"

"ಇವತ್ತು ಬೇಡ ಮಧು. ಇನ್ನೊಮ್ಮೆ ಕೊಡ್ತೇನೆ," ಎಂದಳು ಕ್ಯಾರೆನ್, ಅಕ್ಕರೆಯಿಂದ.

ಗುದೈಬಿಯಾಕ್ಕೆ ಹಿಂದಿರುಗುವಾಗ ಕ್ಯಾರೆನ್ ಗುನುಗುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಲು ನೇರ ಮುಖಕ್ಕೆ ಬಿತ್ತು, ಏಸಿಯಿಂದ ಬರುತ್ತಿದ್ದ ಗಾಳಿ ಬೆಚ್ಚಗಿತ್ತು. ಹೊರಡುವ ಮೊದಲು ಮಧುಶ್ರೀ ಸ್ಟಾರ್ಟ್ ಮಾಡಿದ್ದ ಗಾಡಿಯೊಳಗೆ ಇಣುಕಿದಾಗ ಎಷ್ಟು ತಂಪಾಗಿತ್ತೆಂದು ಅವಳಿಗೆ ನೆನಪಾಯಿತು. ಮನೆಯ ಕೆಳಗೆ ಗಾಡಿ ನಿಲ್ಲಿಸಿದ ಕೂಡಲೇ ಟುಬ್ಲಿಗೆ ಫೋನ್ ಮಾಡಿದಳು.

"ಮೊಯಿದಿನಾಕ, ಆ ಹಸಿರು ಗಾಡಿಯ ಏಸಿ ಸರಿ ಮಾಡಿದ್ದು ನೀವೇ ಅಲ್ವಾ? ಹಾಗಾದ್ರೆ ಕೇಳಿ, ನನ್ನದು ಅದಕ್ಕಿಂತ ತಂಪಾಗಬೇಕು."