ಬಾಲ ನೋಡದೆ ಹೇಳಿದ ಹೆಸರು

ಮಕ್ಕಳೇ, ಪಕ್ಕದ ಮನೆಯಾಕೆಯ ಬಲಗೈ ಬೆರಳು ಯಾಕೆ ಮಡಚುವುದಿಲ್ಲ ಎಂದು ಕಳೆದ ರಜೆಯಲ್ಲಿ ಕೇಳಿದಿರಿ. ನಾನು ಒಲೆ ಊದುವ ನೆಪ ಮಾಡಿ ಆಚೆ ತಿರುಗಿದೆ. ಬಾಯಿಂದ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಕೊಡ್ಲಿ ಎಂಬ ಹಳ್ಳಿ. ಅಲ್ಲಿ ಹೊಲದಲ್ಲಿ ಮಣ್ಣುಮುಕ್ಕ ಹಾವು ಸಿಕ್ಕರೆ ಅಪ್ಪ ಕೈಯಲ್ಲೇ ಎತ್ತಿ ಬದುವಿನಾಚೆ ಬಿಡುತ್ತಿದ್ದ. ಗಿಡ್ಡ, ದಪ್ಪ, ಮೈಮೇಲೆ ಕಂದು ಮಚ್ಚೆ, ವಿಷವಿಲ್ಲ. “ಮೊದ್ಲ ಬಾಲ ನೋಡಬೇಕವ್ವಾ. ಮೊಂಡ ಇದ್ರ ಇದು. ಸಣ್ಣಗಿದ್ರ ದೂರ ಸರಿ,” ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚೆ, ದಂಡೋತಿಯ ಈ ಮನೆಯ ಹಿತ್ತಲಿನಿಂದ ತೊಗರಿ ಕಟ್ಟಿಗೆ ಒಳಗೆ ಸಾಗಿಸುತ್ತಿದ್ದೆವು. ನನ್ನನ್ನು ಆಯಿ ಎಂದು ಕರೆಯುವ ಪಕ್ಕದ ಮನೆಯಾಕೆ ನೆರವಿಗೆ ಬಂದಿದ್ದಳು. ಕಟ್ಟಿಗೆ ರಾಶಿಯ ಕೆಳಗೆ ಹಾಸಿದ ಫರಸಿ ಕಲ್ಲಿನ ಮೇಲೆ ಹಾವೊಂದು ಮಲಗಿತ್ತು. ತಲೆ, ಬಾಲ ಎರಡೂ ಕಟ್ಟಿಗೆಯಡಿ. ನಡುಮೈ ಮಾತ್ರ ಹೊರಗೆ. ಓಣಿಯ ಗಂಡಸರೆಲ್ಲ ಸೇರಿದರು. ಯಾರಿಗೂ ಗುರುತು ಹತ್ತಲಿಲ್ಲ.

“ವೈನಿ, ನಿಮ್ಮ ತವರಾಗ ಹಾವು ಭಾಳ ಅಂತಿದ್ರಲ್ಲ, ಇದು ಯಾವ್ದು ಹೇಳ್ರಿ,” ಎಂದ ನನ್ನ ಮೈದುನ.

ಗಂಡಸರು ಸೇರುತ್ತಲೇ ನಾನು ಬಾಗಿಲ ಮರೆಗೆ ಸರಿದಿದ್ದೆ. ಅವರ ನಡುವೆ ಹಾದುಹೋಗಿ ಬಗ್ಗಿ ನೋಡಲು ನಾಚಿಕೆ. ಸೆರಗು ಹಿಡಿದುಕೊಂಡು ಅಲ್ಲಿಂದಲೇ, “ಮಣ್ಣುಮುಕ್ಕ. ಏನೂ ಮಾಡಂಗಿಲ್ಲ,” ಎಂದೆ.

“ವೈನಿ ಬಾಯಿ ಬಿಟ್ಟಾರ, ಇವತ್ತ ಮಳಿ ಖಾತ್ರಿ!” ಎಂದ. ಎಲ್ಲರೂ ನಕ್ಕರು. ನನಗೆ ಒಳಗೊಳಗೇ ಹಿಗ್ಗು. ಬಾಲ ನೋಡಿಲ್ಲ ಎಂಬುದು ಮರುಗಳಿಗೆಯೇ ನೆನಪಾಯಿತು. ಆದರೆ ಅದನ್ನು ಹೇಳಲು ಅಷ್ಟು ಜನರೆದುರು ಇನ್ನೊಮ್ಮೆ ಬಾಯಿ ತೆರೆಯಬೇಕಿತ್ತು.

“ಹೊಡೀಬ್ಯಾಡ್ರಿ, ಆಯಿ ಹೇಳ್ಯಾರಲ್ಲ,” ಎಂದು ಆಕೆ ಕಟ್ಟಿಗೆ ಸರಿಸಿ ಹಾವನ್ನು ಎತ್ತಿ ಆಚೆ ಬಿಡಲು ಕೈ ಚಾಚಿದಳು. ಅದು ಕುಕ್ಕರಿನ ಹಾಗೆ ಬುಸ್ ಎಂದು ಬೆರಳಿಗೆ ಕಚ್ಚಿತು. ಆಕೆ ಚೀರಿದಾಗ ಹಾವು ಕಲ್ಲಿನ ಸಂದಿಗೆ ಸರಿಯಿತು. ಬಾಲ ಸಣ್ಣಗಿತ್ತು. ಕೊಳಕುಮಂಡಲ, ಕಡುವಿಷದ್ದು.

ಚಿತ್ತಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಹಾವೆಂದು ಕೇಳಿದರು. “ಕೊಳಕುಮಂಡಲರಿ,” ಎಂದೆ. ಮೊದಲು ನಾನು ಬೇರೆ ಹೆಸರು ಹೇಳಿದ್ದನ್ನು ಮುಚ್ಚಿಟ್ಟೆ. ಆಕೆ ಬದುಕಿದಳು, ಬೆರಳು ಮಾತ್ರ ಸೆಟೆದೇ ಉಳಿಯಿತು. ನಾನು ಹೇಳಿದ್ದನ್ನು ಯಾರೂ ಎತ್ತಲಿಲ್ಲ, ಹಾವಿಗೆ ಕೈ ಹಾಕಿದ ಹುಚ್ಚಿ ಎಂದು ಓಣಿಯವರು ಆಕೆಯನ್ನೇ ಬೈದರು. ನಾನು ದಿನಾ ಬಿಸಿರೊಟ್ಟಿ ಕೊಟ್ಟು ಬರುತ್ತಿದ್ದೆ, ತಪ್ಪು ನನ್ನದು ಎಂದು ಒಂದು ದಿನವೂ ಹೇಳಲಿಲ್ಲ.

ಹೋದ ತಿಂಗಳು ಆಕೆಯ ಬಚ್ಚಲ ಹತ್ತಿರ ಮತ್ತೊಂದು ಹಾವು. “ಆಯಿ, ಬರ್ರಿ, ಯಾವ್ದು ನೋಡ್ರಿ!” ಎಂದು ನನ್ನನ್ನೇ ಕರೆದಳು. ಈ ಸಲ ಮುಂದೆ ಹೋಗಿ ಬಗ್ಗಿದೆ. ತಲೆ ನೋಡಿದೆ, ಬಾಲ ನೋಡಿದೆ. ಎಂದೂ ಕಂಡದ್ದಲ್ಲ.

“ನಂಗ ಗೊತ್ತಿಲ್ಲವ್ವಾ,” ಎಂದೆ. “ಅವತ್ತೂ ಗೊತ್ತಿರಲಿಲ್ಲ.”

ಆಕೆ ಸೆಟೆದ ಬೆರಳಿನ ಕೈಯಿಂದಲೇ ನನ್ನ ತೋಳು ಹಿಡಿದಳು.

“ಅದು ನಂಗ ಆಸ್ಪತ್ರ್ಯಾಗಿದ್ದಾಗಲೇ ತಿಳೀತು ಬಿಡ್ರಿ. ಬಾಗಿಲದಾಗ ನಿಂತು ಯಾರಾದ್ರೂ ಹಾವು ನೋಡ್ತಾರೇನು? ಹಿಂದ ಸರೀರಿ ಮೊದ್ಲ.”