ಕೆಳಗಿನ ಸಾಲು ನಾನು ಓದಲಿಲ್ಲ

ಆಗ ಕಮಲಾಪುರದಲ್ಲಿ ಔಷಧಿ ಅಂಗಡಿ ಎಂಬುದೇ ಇರಲಿಲ್ಲ. ಜ್ವರ ಬಂದರೆ ಸರ್ಕಾರಿ ದವಾಖಾನೆ, ಅಲ್ಲಿ ಕೊಡುವ ಕಹಿ ಮಿಕ್ಸ್ಚರು. ಬಾಟಲಿಯನ್ನು ನಾವೇ ತೊಳೆದು ಒಯ್ಯಬೇಕು. ನನ್ನ ವಯಸ್ಸಿನವರಿಗೆ ಆ ಬಾಟಲಿಗೆ ಅಂಟಿಸುತ್ತಿದ್ದ, ಕತ್ತರಿಯಿಂದ ಕಚ್ಚು ಹಾಕಿದ ಕಾಗದದ ಪಟ್ಟಿ ನೆನಪಿರಬೇಕು. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಇಳಿದರೆ ಒಂದು ಡೋಸು. ಆ ಕಾಲದ ಬಗ್ಗೆ ಬರೆಯುವವರು ನಮ್ಮೂರಿನ ಕೆಂಪು ಬಾಳೆಹಣ್ಣು, ಗೋಲಿ ಆಟ ಎಂದು ಬಾಯಿ ಚಪ್ಪರಿಸುತ್ತಾರೆ. ಹಣ್ಣು ನಾನೂ ತಿಂದೆ, ಗೋಲಿ ನಾನೂ ಆಡಿದೆ. ಆದರೆ ನೆನಪಿಗೆ ಮೊದಲು ಬರುವುದು ಫಿನಾಯಿಲ್ ಮತ್ತು ಪೆಪ್ಪರ್‌ಮೆಂಟ್ ಕೂಡಿದ ಆ ದವಾಖಾನೆಯ ವಾಸನೆ, ಅಲ್ಲಿ ನಿಂತು ನಾನು ಹೇಳಿದ ಒಂದು ಸುಳ್ಳು.

ಡಾಕ್ಟರು ಕಲಬುರಗಿಯಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಕಾಂಪೌಂಡರ್ ಖಾದರ್ ಸಾಹೇಬರೇ ಎಲ್ಲ. ಬಡಕಲು ಮನುಷ್ಯ. ಸಣ್ಣ ತಕ್ಕಡಿಯಲ್ಲಿ ಪುಡಿ ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಅವರ ಬೆನ್ನ ಹಿಂದೆ ಗೋಡೆಗೆ ಬೀಗ ಹಾಕಿದ ಒಂದು ಚಿಕ್ಕ ಅಲಮಾರಿ, ಅದರ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಉರ್ದುವಿನ ಎರಡು ಸಾಲು. ನಿಜಾಮರ ರಾಜ್ಯ, ಶಾಲೆಯಲ್ಲಿ ನಮಗೆ ಉರ್ದುವೇ ಇತ್ತು. ಮೇಲಿನ ಸಾಲು ‘ಜಹರ್’, ಅಂದರೆ ವಿಷ. ಕೆಳಗಿನದು ‘ಡಾಕ್ಟರ ಹುಕುಂ ಇಲ್ಲದೆ ಕೊಡತಕ್ಕದ್ದಲ್ಲ’. ಒಮ್ಮೆ ನಾನು ಎರಡನ್ನೂ ತಡವರಿಸದೆ ಓದಿದ್ದಕ್ಕೆ ಅವರಿಗೆ ಖುಷಿಯಾಗಿತ್ತು.

“ಇದರಾಗ ಇರೋದೂ ದವಾನೇ ಬೇಟಾ. ನಾಕು ಹನಿ ಹಾಕೋ ಕಡೆ ನಲವತ್ತು ಬಿದ್ರ ಮನಷ್ಯಾ ಹೋಗ್ತಾನ. ಅದಕ್ಕ ಕಾಯ್ದೆ ಪ್ರಕಾರ ಬ್ಯಾರೆ ಇಡಬೇಕು, ಕೀಲಿ ಹಾಕಬೇಕು, ಯಾರಿಗಿ ಎಷ್ಟು ಕೊಟ್ಟೆ ಅಂತ ಬರೀಬೇಕು.”

“ಬರೀಲಿಲ್ಲಂದ್ರ?”

“ನೌಕ್ರಿ ಹೋಗ್ತದ.”

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅವನ ತಮ್ಮ, ನನ್ನ ಕಾಕಾ. ಬಾಳೆತೋಟ ಇತ್ತು, ಊರಲ್ಲಿ ಅವನ ಮಾತು ನಡೆಯುತ್ತಿತ್ತು. ಒಂದು ಸಲ ಕೆಮ್ಮಿಗೆಂದು ಡಾಕ್ಟರು ಅವನಿಗೆ ಅಫೀಮು ಬೆರೆತ ಔಷಧಿ ಬರೆದುಕೊಟ್ಟರು. ಕೆಮ್ಮು ಬಿಟ್ಟಿತು, ಔಷಧಿಯ ಚಪಲ ಬಿಡಲಿಲ್ಲ. ಖಾಲಿ ಬಾಟಲಿ ಕೊಟ್ಟು ನನ್ನನ್ನು ಅಟ್ಟುತ್ತಿದ್ದ. ಬಾಟಲಿ ಖಾಲಿಯೇ ಮರಳುತ್ತಿತ್ತು.

“ಏನಂದ?”

“ಚೀಟಿ ಇಲ್ದ ಕೊಡಲ್ಲಂದ್ರು.”

“ಅಂವೇನು ದೊಡ್ಡ ಡಾಕ್ಟರೇನಲೇ? ನೀರಾಗ ಬಣ್ಣ ಕಲಸಾಂವ.”

ಹೀಗೆಂದು ನನ್ನ ಕಪಾಳಕ್ಕೆ ಬಾರಿಸುತ್ತಿದ್ದ. ಹೊಡೆದವನ ಮೇಲೆ ಸಿಟ್ಟಾಗುವ ಧೈರ್ಯ ನನಗಿರಲಿಲ್ಲ, ಅವನ ಮನೆಯ ರೊಟ್ಟಿ ತಿನ್ನಬೇಕಿತ್ತು. ಸಿಟ್ಟನ್ನೆಲ್ಲ ಒಯ್ದು ಖಾದರ್ ಸಾಹೇಬರ ಮೇಲೆ ಇಟ್ಟೆ. ಹೇಡಿಗಳು ಹಾಗೆಯೇ ಮಾಡುವುದು.

ನಲವತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಆಳ್ವಿಕೆ ಬಿತ್ತು. ಅಲ್ಲಿಯತನಕ ನಿಜಾಮರ ಪರ ಊರು ಸುಲಿಯುತ್ತಿದ್ದ ರಜಾಕಾರರ ಹೆಸರು ಕೇಳಿದರೆ ನೆಲದಡಿಯ ಜೋಳದ ಹಗೇವಿನಲ್ಲಿ ಅಡಗುತ್ತಿದ್ದ ಗಂಡಸರು ಈಗ ಬಡಿಗೆ ಹಿಡಿದು ಬೀದಿಗೆ ಬಂದರು. ರಜಾಕಾರರು ಎಂದೋ ಓಡಿಹೋಗಿದ್ದರು. ಈ ಶೂರರ ಕೈಗೆ ಸಿಕ್ಕ ಮುಸಲ್ಮಾನರು ಒಬ್ಬ ದರ್ಜಿ, ಒಬ್ಬ ಗಾಡಿ ಹೊಡೆಯುವವ, ಆಮೇಲೆ ನಮ್ಮ ಕಾಂಪೌಂಡರು.

ಕಾಂಪೌಂಡರ್ ಬಾವಿಗೆ ಹಾಕಲು ವಿಷ ಕೂಡಿಟ್ಟಿದ್ದಾನೆ ಎಂಬ ಸುದ್ದಿ ಹಬ್ಬಿಸಿದವನು ಕಾಕಾ. ಒಂದು ಮುಂಜಾನೆ ಏಳೆಂಟು ಜನರನ್ನು ಕಟ್ಟಿಕೊಂಡು ದವಾಖಾನೆಗೆ ಹೋದ. ಅವರಲ್ಲಿ ಒಬ್ಬನಿಗೂ ಓದು ಬಾರದು. ನನ್ನನ್ನು ಅಲಮಾರಿಯ ಮುಂದೆ ದಬ್ಬಿದರು.

“ಓದಲೇ, ಏನು ಬರದದ ಅಲ್ಲಿ?”

“ಜಹರ್ ಅಂತ ಬರದದ. ವಿಷ.”

“ಕೇಳಿದ್ರೇನು? ನಾ ಹೇಳಿದ್ದಿಲ್ಲ?” ಎಂದ ಕಾಕಾ.

ಖಾದರ್ ಸಾಹೇಬರು ಬಡಿಗೆಗಳ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು. “ತೆಳಗಿಂದೂ ಓದು ಬೇಟಾ. ಪೂರಾ ಓದು.”

“ತೆಳಗೇನದ ತಮ್ಮಾ?” ಎಂದು ಗುಂಪಿನ ಹಿಂದಿನಿಂದ ಒಬ್ಬ ಮುದುಕ ಕೇಳಿದ. ಆತ ತಿಳಿಯಬೇಕೆಂದೇ ಕೇಳಿದ್ದ. ನಾನು ಓದಿದ್ದರೆ ಅವನಾದರೂ ಎರಡು ಮಾತಾಡುತ್ತಿದ್ದ.

“ತೆಳಗ ಅಲಮಾರಿ ಮಾಡಿದ ಬಡಗ್ಯಾನ ಹೆಸರದ,” ಎಂದೆ.

ಬೀಗ ಒಡೆದರು. ಸೀಸೆಗಳನ್ನು ನೆಲಕ್ಕೆ ಅಪ್ಪಳಿಸಿದರು. ಕಾಕಾ ಮಾತ್ರ ಒಡೆಯುವ ಮೊದಲು ಒಂದೊಂದನ್ನೂ ಮೂಸುತ್ತಿದ್ದ. ತನಗೆ ಬೇಕಾದದ್ದು ಸಿಕ್ಕೊಡನೆ ಧೋತರದ ಮಡಿಕೆಗೆ ಸೇರಿಸಿಕೊಂಡ. ಊರನ್ನು ವಿಷದಿಂದ ಕಾಯಲು ಬಂದ ಮಹಾತ್ಮ. ನಾನು ಕಂಡೆ, ನಾನು ಕಂಡದ್ದನ್ನು ಖಾದರ್ ಸಾಹೇಬರೂ ಕಂಡರು. ಖಾದರ್ ಸಾಹೇಬರನ್ನು ಹೊಡೆದು, ತೋಳು ಹಿಡಿದು ಹೊರಗೆಳೆದರು. ಹೊಸ್ತಿಲಲ್ಲಿ ಅವರು ಹೇಳಿದ್ದು ಇಷ್ಟು: “ಕೈ ತೊಳಕೊಂಡು ಊಟ ಮಾಡ್ರಿ. ಬಾಯಿಗಿ ಹತ್ತಿಸಿಕೋಬ್ಯಾಡ್ರಿ.” ಯಾರೋ ನಕ್ಕರು. ಆವತ್ತೇ ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಕಲಬುರಗಿಗೆ ಹೋದರು.

ಕೆಲವು ತಿಂಗಳ ಮೇಲೆ ಹೊಸ ಕಾಂಪೌಂಡರ್ ಬಂದ. ಬಹಳ ಒಳ್ಳೆಯವನೆಂದು ಊರೆಲ್ಲ ಕೊಂಡಾಡಿತು. ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತಿದ್ದ. ಕಾಕಾ ದಿನವಿಡೀ ಕಟ್ಟೆಯ ಮೇಲೆ ಕಣ್ಣು ಅರೆಮುಚ್ಚಿ, ಜೊಲ್ಲು ಸುರಿಸುತ್ತ ಕೂರತೊಡಗಿದ. ಜನ ಅವನಿಗೆ ಆಗಲೂ ನಮಸ್ಕಾರ ಮಾಡುತ್ತಿದ್ದರು.

ನಾನು ಹೈಸ್ಕೂಲಿಗೆಂದು ಕಲಬುರಗಿಗೆ ಬಂದೆ. ಫೀ ಕಟ್ಟುತ್ತಿದ್ದವನು ಕಾಕಾ. ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಖಾದರ್ ಸಾಹೇಬರು ನಿಂತಿದ್ದರು. ಗಡ್ಡ ಬೆಳ್ಳಗಾಗಿತ್ತು. ಅಫೀಮಿನ ಸೀಸೆ ಕಾಣೆಯಾದದ್ದಕ್ಕೆ ಅವರ ಮೇಲೆಯೇ ವಿಚಾರಣೆ ನಡೆದಿತ್ತು. ಅವರೇ ಮಾರಿಕೊಂಡು ಗಲಾಟೆಯ ನೆಪ ಹೇಳುತ್ತಿದ್ದಾರೆಂಬುದು ಆರೋಪ.

“ಸೀಸೆ ಯಾರು ಒಯ್ದರು ಅಂತ ನೀ ಕಂಡಿದಿ. ವಿಚಾರಣಿ ಮಾಡೋ ಸಾಹೇಬರ ಮುಂದ ಒಂದ್ ಮಾತು ಹೇಳು ಬೇಟಾ. ನೌಕ್ರಿ ಉಳೀತದ.”

“ನಂಗ ನೆನಪಿಲ್ರಿ.”

“ಹೋಗ್ಲಿ, ಅಲಮಾರಿ ಮ್ಯಾಲ ಏನು ಬರದಿತ್ತು, ಅದಾದ್ರೂ ಹೇಳು. ನಾ ಕಾಯ್ದೆ ಪ್ರಕಾರ ಇಟ್ಟಿದ್ದೆ ಅಂತ ತಿಳೀಲಿ.”

“ಉರ್ದು ಮರ್ತೀನ್ರಿ. ಈಗ ಶಾಲ್ಯಾಗ ಕನ್ನಡ ಅದ.”

“ಇರ್ಲಿ,” ಎಂದರು. “ಕನ್ನಡಾದ್ರೂ ಚಂದಗೆ ಕಲಿ.”

ನೌಕರಿ ಹೋಯಿತು. ಕೋಟೆಯ ಕಡೆ ಒಂದು ಸೋಡಾ ಅಂಗಡಿಯಲ್ಲಿ ಬಾಟಲಿ ತೊಳೆಯುತ್ತಾರೆಂದು ಆಮೇಲೆ ಯಾರೋ ಹೇಳಿದರು. ಓದು ಮುಗಿಯುವತನಕ ನಾನು ಆ ಬೀದಿಗೆ ಕಾಲಿಡಲಿಲ್ಲ. ಮೆಟ್ರಿಕ್ ಪಾಸಾದೆ, ಕಚೇರಿಯಲ್ಲಿ ಗುಮಾಸ್ತನಾದೆ, ಮರ್ಯಾದಸ್ಥನೆಂದು ಕರೆಸಿಕೊಂಡೆ. ಈ ಮಾತನ್ನು ಹೆಂಡತಿಗೂ ಹೇಳಲಿಲ್ಲ. ಈಗ ಬರೆಯುತ್ತಿರುವುದಾದರೂ ಕೇಳಿ ಉಗುಳುವವರು ಯಾರೂ ಉಳಿದಿಲ್ಲ ಎಂಬ ಧೈರ್ಯದಿಂದ.

ಇಂದು ನಮ್ಮ ಗಲ್ಲಿಯಲ್ಲೇ ಮೂರು ಮೆಡಿಕಲ್ ಅಂಗಡಿ. ಗೋಡೆಯ ಮೇಲೆ ಒಬ್ಬನ ಸರ್ಟಿಫಿಕೇಟು, ಕೌಂಟರಿನಲ್ಲಿ ಇನ್ನೊಬ್ಬ. ಸರ್ಟಿಫಿಕೇಟಿನವನನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಕೌಂಟರಿನವನು ಮೊಬೈಲಿನಿಂದ ಕಣ್ಣೆತ್ತದೆ ನಿದ್ದೆಮಾತ್ರೆ ಕತ್ತರಿಸುತ್ತಾನೆ. ಅವನನ್ನು ಬೈಯುವ ಹಕ್ಕು ನನಗಿಲ್ಲ. ದೊಡ್ಡವರ ಮುಖಕ್ಕೆ ‘ಕೊಡಲ್ಲ’ ಎನ್ನಬಲ್ಲ ಒಬ್ಬನೇ ಒಬ್ಬನಿದ್ದ, ಅವನನ್ನು ಕಳೆದವನು ನಾನು.

“ಹತ್ತು ಕೊಡ್ಲಿ ಅಜ್ಜಾ, ಇಪ್ಪತ್ತು ಕೊಡ್ಲಿ?”

“ಇಪ್ಪತ್ತು ಕೊಡಪ್ಪ,” ಎನ್ನುತ್ತೇನೆ.

ಕೊಡುತ್ತಾನೆ.